ದಾದಾ ಅವರ ಹತ್ತು ಅಕ್ಷರಗಳು

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ನನ್ನ ವಿಷಯಗಳು. ಇವುಗಳಲ್ಲಿ ಕಂಪ್ಯೂಟರ್ ಎಲ್ಲೂ ಇಲ್ಲ. ಆದರೂ ಕ್ಲಾಸಿನಲ್ಲಿ ಯಾರದ್ದಾದರೂ ಇಯರ್‌ಫೋನ್ ಒಂದೇ ಕಿವಿಗೆ ಕೇಳಿಸಿದರೆ, ಕ್ಯಾಲ್ಕುಲೇಟರ್ ಕೆಟ್ಟರೆ ನನ್ನ ಹತ್ತಿರ ತರುತ್ತಾರೆ. "ನೀನು ಸೈನ್ಸ್ ತಗೋಬೇಕಿತ್ತು ಕಣೇ" ಎನ್ನುತ್ತಾರೆ. ಎಸ್ಸೆಸ್ಸೆಲ್ಸಿಯ ಗಣಿತದ ಅಂಕ ನೋಡಿದವರು ಹಾಗೆ ಹೇಳುವುದಿಲ್ಲ.

ನನಗೆ ಈ ಹುಚ್ಚು ಹಿಡಿಸಿದವನು ನಮ್ಮ ಭಾಯಿ. ಅವನು ಬೇಲೂರಿನಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಕೆಟ್ಟ ಬೋರ್ಡು, ಹಳೆಯ ಸ್ಪೀಕರ್, ಒಡೆದ ಚಾರ್ಜರ್ ಎಲ್ಲ ಮನೆಗೆ ತರುತ್ತಿದ್ದ. ಅಮ್ಮಿ ಅದನ್ನು ಕಸ ಎನ್ನುತ್ತಿದ್ದರು. ನಾನು ಅದರಲ್ಲೇ ಆಡುತ್ತಾ ಸೋಲ್ಡರಿಂಗ್ ಕಲಿತೆ. ಪ್ರೋಗ್ರಾಮಿಂಗ್ ಕಲಿತದ್ದು ಫೋನಿನಲ್ಲೇ. ಪೈಥಾನ್ ಎಂಬ ಭಾಷೆಯನ್ನು ಫೋನಿನಲ್ಲಿ ಓಡಿಸುವ ಆ್ಯಪ್ ಇದೆ. ಗೀಡೋ ವಾನ್ ರೋಸಮ್ ಎಂಬವರು 1991ರಲ್ಲಿ ಹೊರತಂದ ಈ ಭಾಷೆ ಓದಲು ಇಂಗ್ಲಿಷ್ ವಾಕ್ಯದ ಹಾಗೇ ಇರುತ್ತದೆ. ಅದಕ್ಕೇ ನನ್ನಂಥವರಿಗೂ ದಕ್ಕಿತು.

ನಾನು ಮಾಡಿದ ಮೊದಲ ಉಪಯೋಗದ ವಸ್ತು ಮಳೆ ಅಲಾರಂ. ನಮ್ಮ ಗೆಂಡೆಹಳ್ಳಿಯ ಕಡೆ ಕಾಫಿ, ಮೆಣಸು ಒಣಗಿಸುವ ದಿನಗಳಲ್ಲಿ ಒಂದು ಅಕಾಲ ಮಳೆ ಬಂದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಸಣ್ಣ ಬೋರ್ಡಿನ ಮೇಲೆ ಎರಡು ತಾಮ್ರದ ಗೆರೆಗಳು ಒಂದಕ್ಕೊಂದು ತಾಗದಂತೆ ಅಕ್ಕಪಕ್ಕ ಇರುತ್ತವೆ. ಮಳೆಹನಿ ಬಿದ್ದರೆ ನೀರು ಎರಡನ್ನೂ ಕೂಡಿಸುತ್ತದೆ. ಆಗ ಚೂರು ಕರೆಂಟ್ ಬಿಸಿ 547 ಎಂಬ ಟ್ರಾನ್ಸಿಸ್ಟರಿಗೆ ಹೋಗುತ್ತದೆ, ಅದು ಸ್ವಿಚ್ಚಿನಂತೆ ತೆರೆದುಕೊಂಡು ಬಜರ್‌ಗೆ ಕರೆಂಟ್ ಬಿಡುತ್ತದೆ. ಒಂದು 9 ವೋಲ್ಟ್ ಬ್ಯಾಟರಿ ಸಾಕು. ಪಕ್ಕದ ಮನೆಯ ಕಾಕಾ ಅವರ ಕಣದಲ್ಲಿ ಇಟ್ಟೆ. ಮರುದಿನ ಬೆಳಗಿನ ಜಾವ, ಫಜರ್ ಅಜಾನ್‌ಗೂ ಮೊದಲೇ ಅದು ಕಿರುಚಿಕೊಂಡಿತು. ಕಾಕಾ ಟಾರ್ಪಾಲು ಹಿಡಿದು ಓಡಿದರು. ಆಕಾಶದಲ್ಲಿ ನಕ್ಷತ್ರ ಕಾಣುತ್ತಿತ್ತು. ಬಿದ್ದದ್ದು ಇಬ್ಬನಿ! ಇಬ್ಬನಿಯೂ ನೀರೇ ಎಂಬುದು ನನಗೆ ಹೊಳೆದಿರಲಿಲ್ಲ. ಸಂಜೆ ಕಾಫಿ ಗುಡ್ಡೆ ಮಾಡಿ ಮುಚ್ಚುವಾಗ ಅಲಾರಂ ಕೂಡ ಒಳಗೆ ತರುವುದು ಎಂದು ತೀರ್ಮಾನವಾಯಿತು.

ಆ ಅಲಾರಂ ನೋಡಿದ ಮೇಲೆ ಅಬ್ಬಾ ನನ್ನ ಕೈಗೆ ಒಂದು ಪುಸ್ತಕ ಕೊಟ್ಟರು. ನಾನು ಹೇಳಬೇಕಾದ ವಿಷಯ ಅದರದ್ದು.

ನಮ್ಮದು ಒಂದು ಚಿಕ್ಕ ಬಟ್ಟೆ ಅಂಗಡಿ. ಅದಕ್ಕೂ ಮೊದಲು ದಾದಾ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಊರೂರು, ಎಸ್ಟೇಟುಗಳ ಲೈನ್ ಮನೆ ಸುತ್ತುತ್ತಿದ್ದರಂತೆ. ಹಣ ಕಂತಿನಲ್ಲಿ. ಬಟ್ಟೆ ವ್ಯಾಪಾರದಲ್ಲಿ ಒಂದು ಹಳೆಯ ಪದ್ಧತಿ ಇದೆ. ಚೌಕಾಸಿ ಮಾಡುವಾಗ ಅಸಲು ಎಷ್ಟು ಎಂದು ಅಂಗಡಿಯವನಿಗೆ ತಿಳಿದಿರಬೇಕು, ಗಿರಾಕಿಗೆ ತಿಳಿಯಬಾರದು. ಅದಕ್ಕೆ ಹತ್ತು ಬೇರೆ ಬೇರೆ ಅಕ್ಷರಗಳಿರುವ ಒಂದು ಮಾತನ್ನು ಗುಟ್ಟಾಗಿ ಆರಿಸಿಕೊಳ್ಳುತ್ತಾರೆ. ಮೊದಲ ಅಕ್ಷರ 1, ಎರಡನೆಯದು 2, ಹೀಗೆ ಹತ್ತನೆಯದು 0. ಚೀಟಿಯ ಮೇಲೆ ಅಂಕಿಗೆ ಬದಲು ಆ ಅಕ್ಷರಗಳನ್ನು ಬರೆಯುತ್ತಾರೆ. ಇದನ್ನು ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ, ಆದರೆ ಇದೂ ಲೆಕ್ಕಶಾಸ್ತ್ರವೇ.

ದಾದಾಗೆ ಲಕ್ವಾ ಹೊಡೆದು ಕೊನೆಯ ನಾಲ್ಕು ತಿಂಗಳು ಮಾತು ನಿಂತಿತ್ತು. ಏನೋ ಹೇಳಲು ಹೋಗಿ ಟ್ರಂಕಿನ ಕಡೆ ಕೈ ತೋರಿಸುತ್ತಿದ್ದರು. ಅವರು ತೀರಿಕೊಂಡ ದಿನ ಜನಾಜಾದ ಮುಂದೆ ಅಬ್ಬಾ ನಿಂತು, "ನಮ್ಮ ತಂದೆ ಯಾರಿಗಾದರೂ ಕೊಡುವುದಿದ್ದರೆ ನನ್ನನ್ನು ಕೇಳಿ, ನಾನು ಕೊಡುತ್ತೇನೆ" ಎಂದರು. ನಮ್ಮಲ್ಲಿ ಸತ್ತವರ ಸಾಲ ತೀರಿಸಿದ ಮೇಲೆಯೇ ಆಸ್ತಿಯ ಪಾಲು. ಯಾರೂ ಮುಂದೆ ಬರಲಿಲ್ಲ. ಟ್ರಂಕಿನಲ್ಲಿ ಉದ್ದನೆಯ ಒಂದು ಖಾತೆ ಪುಸ್ತಕ ಸಿಕ್ಕಿತು. ಹೆಸರುಗಳು ಉರ್ದುವಿನಲ್ಲಿ ಸ್ಪಷ್ಟವಾಗಿದ್ದವು. ಒಂದು ಕಡೆ ಲೇನಾ, ಒಂದು ಕಡೆ ದೇನಾ. ಬರಬೇಕಾದದ್ದು, ಕೊಡಬೇಕಾದದ್ದು. ಆದರೆ ಹೆಸರಿನ ಮುಂದೆ ಇರಬೇಕಾದ ಮೊತ್ತದ ಜಾಗದಲ್ಲಿ ಬಿಡಿಬಿಡಿ ಅಕ್ಷರಗಳು. ಗುಟ್ಟಿನ ಮಾತು ಏನೆಂದು ದಾದಾ ಯಾರಿಗೂ ಹೇಳಿರಲಿಲ್ಲ, ಅಬ್ಬಾಗೂ.

ಎರಡು ವರ್ಷ ಅಬ್ಬಾ ಆ ಪುಸ್ತಕ ತೆಗೆದು ನೋಡುವುದು, ಮುಚ್ಚಿಡುವುದು ಮಾಡುತ್ತಿದ್ದರು. ಮಳೆ ಅಲಾರಂ ಆದ ಮೇಲೆ ಒಂದು ದಿನ, "ನಿನ್ನ ಮೊಬೈಲು ಇದನ್ನು ಓದುತ್ತದಾ ನೋಡು" ಎಂದರು.

ಮೊಬೈಲು ಓದಲಿಲ್ಲ. ಮೊದಲು ನಾನು ಅಬ್ಜದ್ ಪ್ರಯತ್ನಿಸಿದೆ. ಅಬ್ಜದ್ ಎಂದರೆ ಅರಬಿ ಅಕ್ಷರಗಳಿಗೆ ಇರುವ ಹಳೆಯ ಬೆಲೆಪಟ್ಟಿ. ಅಲಿಫ್ 1, ಬೇ 2, ಜೀಮ್ 3, ದಾಲ್ 4 ಹೀಗೆ ಹೋಗಿ ಯೇ 10, ಕಾಫ್ 20, ಸಾವಿರದವರೆಗೆ. ನಮ್ಮ ಮನೆಗಳಲ್ಲಿ ಪತ್ರದ ತಲೆಗೆ 786 ಬರೆಯುವುದು ಇದೇ ಲೆಕ್ಕದಿಂದ. ಬಿಸ್ಮಿಲ್ಲಾದ ಅಕ್ಷರಗಳ ಬೆಲೆ ಕೂಡಿದರೆ 786 ಬರುತ್ತದೆ. ಆದರೆ ದಾದಾ ಅವರ ಪುಸ್ತಕದಲ್ಲಿ 'ಪೇ' ಇತ್ತು, 'ದೋ ಚಶ್ಮೀ ಹೇ' ಇತ್ತು. ಅರಬಿಯಲ್ಲಿ 'ಪೇ' ಅಕ್ಷರವೇ ಇಲ್ಲ. ಹಾಗಾಗಿ ಇದು ಅಬ್ಜದ್ ಅಲ್ಲ, ಯಾವುದೋ ಉರ್ದು ಮಾತು ಎಂದು ಗೊತ್ತಾಯಿತು.

ಆಗಲೇ ಇತಿಹಾಸದ ಕ್ಲಾಸಿನಲ್ಲಿ ಬಾಗ್ದಾದಿನ ವಿಷಯ ಬಂತು. ಅಲ್ಗಾರಿದಮ್ ಎಂಬ ಪದ ಬಂದದ್ದು ಅಲ್-ಖ್ವಾರಿಝ್ಮಿ ಎಂಬ ಗಣಿತಜ್ಞರ ಹೆಸರಿನಿಂದ ಎಂದು ಸರ್ ಹೇಳಿದರು. ಕ್ಲಾಸು ಮುಗಿದ ಮೇಲೆ ನಾನು ಪುಸ್ತಕದ ವಿಷಯ ಹೇಳಿದೆ. ಸರ್ ಇನ್ನೊಂದು ಹೆಸರು ಕೊಟ್ಟರು: ಅಲ್-ಕಿಂದಿ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಇವರು ಗುಪ್ತ ಬರಹ ಬಿಡಿಸುವುದರ ಮೇಲೆಯೇ ಒಂದು ಗ್ರಂಥ ಬರೆದಿದ್ದಾರೆ. ಅವರ ಉಪಾಯ ಬಹಳ ಸರಳ. ಯಾವ ಭಾಷೆಯಲ್ಲಾದರೂ ಕೆಲವು ಅಕ್ಷರಗಳು ಹೆಚ್ಚು ಸಲ ಬರುತ್ತವೆ, ಕೆಲವು ಕಡಿಮೆ. ಗುಪ್ತ ಬರಹದಲ್ಲಿ ಯಾವ ಗುರುತು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಹೆಚ್ಚು ಬಂದ ಗುರುತು ಭಾಷೆಯಲ್ಲಿ ಹೆಚ್ಚು ಬರುವ ಅಕ್ಷರವೇ ಇರಬಹುದು. ಸಾವಿರ ವರ್ಷ ದಾಟಿದರೂ ಇಂದಿಗೂ ಗುಪ್ತಲಿಪಿಯ ಪಾಠ ಇಲ್ಲಿಂದಲೇ ಶುರುವಾಗುತ್ತದೆ.

ನಾನು ಎಣಿಸಿದೆ. ಹತ್ತು ಅಕ್ಷರ ಬರಬೇಕಿತ್ತು, ಹನ್ನೆರಡು ಬಂತು. ಐನ್ ಮತ್ತು ಫೇ ಎಂಬ ಎರಡು ಅಕ್ಷರ ಹೆಚ್ಚಿಗೆ. ಅವು ಕೆಲವು ಸಾಲುಗಳ ಕೊನೆಯಲ್ಲಿ ಮಾತ್ರ ಇದ್ದವು. ದಾದಾ ತಪ್ಪಿ ಬರೆದಿರಬೇಕು ಎಂದುಕೊಂಡೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ: ಗೊತ್ತಿಲ್ಲದ ಅಕ್ಷರ ಇರುವ ಗುಂಪು ಬಂದರೆ ಸುಮ್ಮನೆ ಬಿಟ್ಟು ಮುಂದಕ್ಕೆ ಹೋಗು. ಪ್ರೋಗ್ರಾಮ್ ಬರೆಯುವವರೆಲ್ಲ ಎರರ್ ಬಾರದಿರಲಿ ಎಂದು ಇಂಥ ಸಾಲು ಬರೆಯುತ್ತಾರೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಉಳಿದದ್ದು ಹತ್ತು ಅಕ್ಷರ, ಹತ್ತು ಅಂಕಿ. ಮೊದಲ ಅಕ್ಷರಕ್ಕೆ ಹತ್ತು ಅಂಕಿಗಳಲ್ಲಿ ಯಾವುದಾದರೂ ಆಗಬಹುದು, ಎರಡನೆಯದಕ್ಕೆ ಉಳಿದ ಒಂಬತ್ತರಲ್ಲಿ ಒಂದು, ಹೀಗೆ ಗುಣಿಸಿದರೆ 36,28,800 ಜೋಡಣೆಗಳು. ಮನುಷ್ಯರಿಗೆ ಇದು ಜನ್ಮದಲ್ಲಿ ಮುಗಿಯದ ಕೆಲಸ. ಫೋನಿಗೆ ಚಹಾ ಕುದಿಯುವಷ್ಟು ಹೊತ್ತು. ಆದರೆ ಯಾವ ಜೋಡಣೆ ಸರಿ ಎಂದು ಫೋನಿಗೆ ಹೇಗೆ ತಿಳಿಯಬೇಕು? ಇಲ್ಲಿ ಕಾಮರ್ಸ್ ಉಪಯೋಗಕ್ಕೆ ಬಂತು. ದಾದಾ ಪ್ರತಿ ಪುಟದ ಕೆಳಗೆ ಗೆರೆ ಎಳೆದು ಮೊತ್ತ ಹಾಕಿದ್ದರು, ಅದೂ ಅದೇ ಅಕ್ಷರಗಳಲ್ಲಿ. ಯಾವ ಜೋಡಣೆಯಲ್ಲಿ ಎಲ್ಲ ಪುಟಗಳ ಕೂಡುವಿಕೆ ತಾಳೆಯಾಗುತ್ತದೋ ಅದೇ ಸರಿ. ತಾಳೆ ಪಟ್ಟಿ ಮಾಡಿದವರಿಗೆ ಈ ಸಂತೋಷ ಗೊತ್ತು.

ಪ್ರೋಗ್ರಾಮ್ ಓಡಿಸಿದೆ. ಉತ್ತರ ಸೊನ್ನೆ. ಒಂದು ಜೋಡಣೆಯೂ ತಾಳೆಯಾಗಲಿಲ್ಲ. ಮೂರು ದಿನ ತಪ್ಪು ಹುಡುಕಿದೆ, ಸಿಗಲಿಲ್ಲ.

ದಸರಾ ರಜೆಗೆ ಮುಂಚಿನ ದಿನ ಕನ್ನಡ ಮೇಡಂ ಹತ್ತಿರ, "ಕನ್ನಡದಲ್ಲೂ ಅಕ್ಷರಕ್ಕೆ ಅಂಕಿ ಕೊಡುವ ಪದ್ಧತಿ ಇದೆಯಾ ಮೇಡಂ?" ಎಂದು ಸುಮ್ಮನೆ ಕೇಳಿದೆ. ಅವರು ಕಟಪಯಾದಿ ಹೇಳಿಕೊಟ್ಟರು. ಕ, ಟ, ಪ, ಯ ಇವಕ್ಕೆಲ್ಲ 1. ಅಲ್ಲಿಂದ ಮುಂದೆ ಒಂದೊಂದು ಹೆಚ್ಚು. ಕರ್ನಾಟಕ ಸಂಗೀತದಲ್ಲಿ 72 ಮೇಳಕರ್ತ ರಾಗಗಳಿವೆಯಲ್ಲ, ಅವುಗಳ ಹೆಸರಿನ ಮೊದಲ ಎರಡು ಅಕ್ಷರಗಳಲ್ಲೇ ರಾಗದ ಸಂಖ್ಯೆ ಅಡಗಿದೆ. ಮಾಯಾಮಾಳವಗೌಳ ಎಂದರೆ ಮ 5, ಯ 1. "ಹಾಗಾದರೆ ಐವತ್ತೊಂದನೆಯ ರಾಗವಾ ಮೇಡಂ?" ಎಂದೆ. "ಅಲ್ಲ, ತಿರುಗಿಸಿ ಓದಬೇಕು. ಹದಿನೈದು" ಎಂದರು.

ತಿರುಗಿಸಿ ಓದಬೇಕು! ಬಸ್ಸಿನಲ್ಲಿ ಮನೆಗೆ ಬರುವಾಗ ಅದೇ ತಲೆಯಲ್ಲಿ ಕೂತಿತ್ತು. ಉರ್ದು ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆಯುತ್ತೇವೆ. ಆದರೆ ಉರ್ದುವಿನಲ್ಲೂ ಅಂಕಿಗಳನ್ನು ಬರೆಯುವುದು ಕನ್ನಡದ ಹಾಗೇ, ಎಡದಿಂದ ಬಲಕ್ಕೆ; ಬಿಡಿ ಸ್ಥಾನ ಬಲಗಡೆ. ನಾನು ದಾದಾ ಅವರ ಅಕ್ಷರಗಳನ್ನು ಅಂಕಿ ಎಂದುಕೊಂಡು ಬಲಗಡೆಯದನ್ನು ಬಿಡಿ ಸ್ಥಾನ ಮಾಡಿದ್ದೆ. ದಾದಾ ಅವನ್ನು ಅಕ್ಷರವಾಗಿಯೇ ಬಲದಿಂದ ಶುರು ಮಾಡಿ ಬರೆದಿದ್ದರೆ? ಮನೆಗೆ ಬಂದು ಪುಸ್ತಕ ತೆಗೆದೆ. ಪ್ರತಿ ಗುಂಪಿನ ಎಡತುದಿಯಲ್ಲಿ ಬಹುಪಾಲು ಎರಡೇ ಅಕ್ಷರ, ಯೇ ಅಥವಾ ಅಲಿಫ್. ಬಟ್ಟೆಯ ಲೆಕ್ಕದಲ್ಲಿ ಕೊನೆಯ ಅಂಕಿ ಸಾಮಾನ್ಯವಾಗಿ 0 ಅಥವಾ 5 ಅಲ್ಲವೇ! ಅಲ್-ಕಿಂದಿ ಹೇಳಿದ್ದು ಕಣ್ಣೆದುರೇ ಇತ್ತು.

ಒಂದು ಉದಾಹರಣೆ ಕೊಡುತ್ತೇನೆ. ಮೊತ್ತಗಳು ಪುಸ್ತಕದವಲ್ಲ, ನಾನೇ ಮಾಡಿದ್ದು. ಒಂದು ಪುಟದಲ್ಲಿ ಮೂರು ಸಾಲು ಇದೆ ಎನ್ನಿ: ಸ್ವಾದ್-ಕಾಫ್-ಯೇ, ಬೇ-ರೇ-ಅಲಿಫ್, ಲಾಮ್-ಅಲಿಫ್. ಕೆಳಗೆ ಮೊತ್ತ ಕಾಫ್-ಪೇ-ಯೇ. ಬಿಡಿ ಸ್ಥಾನ ನೋಡಿ. ಯೇಗೆ ಎರಡು ಅಲಿಫ್ ಕೂಡಿದರೆ ಮತ್ತೆ ಯೇ ಬರುತ್ತಿದೆ. ಅಂದರೆ ಎರಡು ಅಲಿಫ್ ಸೇರಿ 0 ಅಥವಾ 10 ಆಗಬೇಕು. ಹಾಗಾದರೆ ಅಲಿಫ್ 0 ಇಲ್ಲವೇ 5. ಕೆಲವು ಮೊತ್ತಗಳು ಅಲಿಫ್‌ನಿಂದಲೇ ಶುರುವಾಗುತ್ತವೆ. ಯಾರೂ ಮೊತ್ತವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. ಆದ್ದರಿಂದ ಅಲಿಫ್ 5. ಇನ್ನು ಯೇ 0 ಆಗಿರಲೇಬೇಕು. ಎರಡು ಅಕ್ಷರ ಕೈಯಲ್ಲೇ ಸಿಕ್ಕಿತು. ಉಳಿದ ಎಂಟನ್ನು ಫೋನಿಗೆ ಬಿಟ್ಟೆ. ಒಂದೇ ಪುಟದ ಮೊತ್ತ ಕೊಟ್ಟಾಗ ಪರದೆ ತುಂಬಾ ಉತ್ತರ ಬಂದವು. ಪುಟಗಳನ್ನು ಸೇರಿಸುತ್ತಾ ಹೋದಂತೆ ಉತ್ತರಗಳು ಕಡಿಮೆಯಾಗುತ್ತಾ ಬಂದು ಆರನೇ ಪುಟಕ್ಕೆ ಒಂದೇ ಉಳಿಯಿತು.

ಒಂದರಿಂದ ಸೊನ್ನೆಯವರೆಗೆ ಅಕ್ಷರಗಳನ್ನು ಸಾಲಾಗಿ ಬರೆದೆ: ಸ್ವಾದ್, ಬೇ, ರೇ, ಕಾಫ್, ಅಲಿಫ್, ಪೇ, ಹೇ, ಲಾಮ್, ಮೀಮ್, ಯೇ. ಕೂಡಿಸಿ ಓದಿದೆ. ಸಬ್ರ್ ಕಾ ಫಲ್ ಮೀ... ಸಬ್ರ್ ಕಾ ಫಲ್ ಮೀಠಾ. ತಾಳ್ಮೆಯ ಫಲ ಸಿಹಿ. ನಾನು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಮಿಠಾಯಿಗೆ ಹಟ ಮಾಡಿದರೆ ದಾದಾ ಹೇಳುತ್ತಿದ್ದ ಮಾತು. ಹತ್ತು ಅಕ್ಷರಕ್ಕೆ ಸರಿಯಾಗಿ ಅರ್ಧ 'ಮೀಠಾ'ದಲ್ಲಿ ನಿಂತಿತ್ತು. ಮೇಲಿನ ಉದಾಹರಣೆಯನ್ನು ಈಗ ನೀವೇ ಬಿಡಿಸಿ ನೋಡಿ: 140, 235, 85, ಮೊತ್ತ 460.

ಇಲ್ಲಿಗೆ ಲೇಖನ ಮುಗಿದಿದ್ದರೆ ನನಗೂ ಚೆನ್ನಾಗಿತ್ತು.

ಅವತ್ತು ಶುಕ್ರವಾರ. ಮನೆಯಲ್ಲಿ ಹಬ್ಬದ ಹಾಗಿತ್ತು. ನಾನು ಲೇನಾ ಕಡೆಯ ಹೆಸರು, ಮೊತ್ತ ಎಲ್ಲ ಅಂದವಾಗಿ ಪಟ್ಟಿ ಮಾಡಿದೆ. ಒಟ್ಟು ಮೊತ್ತ ನೋಡಿ ಭಾಯಿ, "ಸಗಟು ಅಂಗಡಿಯ ಬಾಕಿ ಇದರಲ್ಲೇ ತೀರುತ್ತದೆ" ಎಂದ. ಅಬ್ಬಾ ಏನೂ ಹೇಳಲಿಲ್ಲ, ನಾಳೆ ನೋಡೋಣ ಎಂದರು. ನನಗೆ ನಾಳೆಯವರೆಗೆ ತಡೆಯಲಾಗಲಿಲ್ಲ. ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಖಾನ್ದಾನಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. 'ದಾದಾ ಕೋಡ್ ಒಡೆದೆ' ಎಂದು ಕೆಳಗೆ ಬರೆದೆ. ಚಾಚಾ, ಫುಫ್ಫಿ ಎಲ್ಲರೂ ಶಾಬಾಶ್ ಎಂದರು. ಸಂತೋಷದಲ್ಲಿ ನಿದ್ದೆ ಬರಲಿಲ್ಲ.

ಆ ಪಟ್ಟಿಯಲ್ಲಿ ನನ್ನ ಗೆಳತಿಯ ತಂದೆಯ ಹೆಸರೂ ಇತ್ತು. ಬೆಂಚಿನಲ್ಲಿ ಒಂದೂವರೆ ವರ್ಷದಿಂದ ಪಕ್ಕ ಕೂತವಳು. ಹೆಸರು ಟೈಪ್ ಮಾಡುವಾಗ ನೋಡಿದೆ, ಆದರೂ ಹಾಕಿದೆ. ಆಗ ಅದು ನನಗೆ ಒಂದು ಹೆಸರು, ಮುಂದೆ ಒಂದು ಅಂಕಿ, ಅಷ್ಟೇ ಆಗಿತ್ತು.

ಶನಿವಾರ ಸಂಜೆ ಕ್ರಿಕೆಟ್ ಆಡುವಾಗ ಏನೋ ಜಗಳ ಬಂದು, ಸಂಬಂಧದ ಒಬ್ಬ ಹುಡುಗ ಗೆಳತಿಯ ತಮ್ಮನಿಗೆ, "ನಿಮ್ಮಪ್ಪ ನಮ್ಮವರ ಬಟ್ಟೆ ದುಡ್ಡೇ ಇನ್ನೂ ಕೊಟ್ಟಿಲ್ಲ" ಎಂದು ಎಲ್ಲರ ಎದುರು ಹೇಳಿದನಂತೆ.

ಭಾನುವಾರ ಬೆಳಿಗ್ಗೆ, ಇದು ಇನ್ನೂ ನಮಗೆ ತಿಳಿದಿರಲಿಲ್ಲ, ನಾನು ಆ ಐನ್ ಮತ್ತು ಫೇ ಯಾಕೆ ಬಂದವು ಎಂದು ನೋಡುತ್ತಾ ಕೂತಿದ್ದೆ. ಪ್ರೋಗ್ರಾಮ್ ಬಿಟ್ಟು ಮುಂದೆ ಹೋದ ಗುಂಪುಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. "ಮೀಮ್, ಐನ್, ಅಲಿಫ್, ಫೇ. ಮೀಮ್, ಐನ್, ಅಲಿಫ್, ಫೇ." ದಾದಿ ಪಕ್ಕದಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದರು. ಅವರು ಶಾಲೆಗೆ ಹೋದವರಲ್ಲ, ಕುರ್‌ಆನ್ ಓದಲು ಅಕ್ಷರ ಕಲಿತವರು. "ಕ್ಯಾ ಗೇ, ಮಾಫ್ ಬೋಲ್ಕೆ ಹೈ ನಾ ವೋ" ಎಂದರು.

ಮಾಫ್. ಮನ್ನಾ ಮಾಡಿದೆ ಎಂದರ್ಥ. ಅದು ಅಂಕಿಯೇ ಆಗಿರಲಿಲ್ಲ. ಮೀಮ್ 9, ಅಲಿಫ್ 5 ಎಂದು ನಾನು ಅಂಕಿ ಹುಡುಕುತ್ತಿದ್ದೆ, ಅದು ಒಂದು ಮಾತು. ಪುಟದ ಮೊತ್ತ ಹಾಕಿದ ಮೇಲೆ, ಯಾವಾಗಲೋ, ಬೇರೆ ಶಾಯಿಯಲ್ಲಿ ದಾದಾ ಅದನ್ನು ಬರೆದಿದ್ದರು. ಇಪ್ಪತ್ತಮೂರು ಹೆಸರುಗಳಲ್ಲಿ ಹದಿನೇಳರ ಮುಂದೆ ಮಾಫ್ ಇತ್ತು. ಗೆಳತಿಯ ತಂದೆಯ ಹೆಸರಿನ ಮುಂದೆಯೂ ಇತ್ತು. ಎರರ್ ಬೇಡ ಎಂದು ನಾನು ಬರೆದ ಆ ಒಂದು ಸಾಲು ಈ ಹದಿನೇಳನ್ನೂ ಬಿಟ್ಟು ಮುಂದಕ್ಕೆ ಹೋಗಿತ್ತು. ದಾದಾ ಬಿಟ್ಟುಕೊಟ್ಟ ಹಣವನ್ನು ನಾನು ಬಾಕಿ ಎಂದು ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದ್ದೆ.

ಗ್ರೂಪಿನಿಂದ ಅಳಿಸಲು ಹೋದೆ. ಅಷ್ಟರಲ್ಲಿ ಮೂವತ್ತು ಜನ ನೋಡಿ ಆಗಿತ್ತು. ಮಧ್ಯಾಹ್ನ ಕ್ರಿಕೆಟ್ಟಿನ ವಿಷಯ ಅಬ್ಬಾ ಕಿವಿಗೆ ಬಿತ್ತು. ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ನಿಮ್ಮ ದಾದಾ ಮೂವತ್ತು ವರ್ಷ ಮುಚ್ಚಿಟ್ಟಿದ್ದು ವ್ಯಾಪಾರದ ಗುಟ್ಟು ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಚಪ್ಪಲಿ ಹಾಕಿಕೊಂಡರು. "ನೀನೂ ಬಾ."

ಗೆಳತಿಯ ಮನೆಯಲ್ಲಿ ಚಹಾ ಕೊಟ್ಟರು. ಅಬ್ಬಾ ತಪ್ಪಾಯಿತು ಎಂದರು. ನಾನೂ ಹೇಳಿದೆ, ಧ್ವನಿ ಹೊರಗೆ ಬರಲಿಲ್ಲ. ಅವಳ ತಂದೆ, "ಇಲ್ಲ ಸಾಬ್ರೇ, ಹುಡುಗಿ ಏನೋ ಗೊತ್ತಿಲ್ದೆ ಮಾಡಿದ್ದು" ಎಂದರು. ಆ ವರ್ಷ ಅವರ ಮನೆಯಲ್ಲಿ ಕಷ್ಟವಿತ್ತಂತೆ, ದಾದಾ ತಾವಾಗಿಯೇ ಬಂದು ಕೊಡುವುದು ಬೇಡ ಎಂದಿದ್ದರಂತೆ. ಯಾರಿಗೂ ಹೇಳುವುದಿಲ್ಲ ಎಂದೂ ಅಂದಿದ್ದರಂತೆ. ಗೆಳತಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಸೋಮವಾರ ಕಾಲೇಜು ಶುರುವಾದಾಗ ಅವಳು ಬೇರೆ ಬೆಂಚಿಗೆ ಹೋಗಿದ್ದಳು.

ದೇನಾ ಕಡೆ ಒಂದೇ ಹೆಸರು ತೀರದೆ ಉಳಿದಿತ್ತು. ದಾದಾ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಒಬ್ಬ ಟೈಲರ್‌ದು. ಅವರು ಈಗ ಇಲ್ಲ. ಅಬ್ಬಾ ಅವರ ಹೆಂಡತಿಯ ಮನೆ ಹುಡುಕಿ ಹಣ ಕೊಟ್ಟು ಬಂದರು. ಅವರಿಗೆ ಈ ಲೆಕ್ಕವೇ ಗೊತ್ತಿರಲಿಲ್ಲವಂತೆ. ದಾದಾ ಟ್ರಂಕಿನ ಕಡೆ ಕೈ ತೋರಿಸಿದ್ದು ಇದಕ್ಕೇ ಇರಬೇಕು ಎಂದು ಅಬ್ಬಾ ನಂಬಿದ್ದಾರೆ. ಮಾಫ್ ಇಲ್ಲದ ಉಳಿದ ಆರು ಹೆಸರುಗಳನ್ನು ಏನು ಮಾಡಬೇಕು ಎಂದು ಭಾಯಿ ಕೇಳಿದ. ಅಬ್ಬಾ ಪುಸ್ತಕ ಮುಚ್ಚಿ ಟ್ರಂಕಿಗೆ ಹಾಕಿದರು. ಸಗಟು ಅಂಗಡಿಯ ಬಾಕಿ ಇನ್ನೂ ಕಂತಿನಲ್ಲಿ ಕಟ್ಟುತ್ತಿದ್ದೇವೆ.

ಆಮೇಲೆ ನಾನು ಎನ್‌ಕ್ರಿಪ್ಷನ್ ಬಗ್ಗೆ ಸರಿಯಾಗಿ ಓದಲು ಶುರು ಮಾಡಿದೆ. ದಾದಾ ಅವರ ಬೀಗಕ್ಕೆ 36 ಲಕ್ಷ ಕೀಲಿ ಸಾಧ್ಯವಿತ್ತು, ಹಳೆಯ ಫೋನೇ ಅದನ್ನು ಒಡೆಯಿತು. ಅಮೆರಿಕ 2001ರಲ್ಲಿ ಮಾನಕವೆಂದು ಒಪ್ಪಿದ, ಈಗ ಜಗತ್ತೇ ಬಳಸುವ ಎ.ಇ.ಎಸ್. ಎಂಬ ಪದ್ಧತಿಯಲ್ಲಿ ಅತಿ ಚಿಕ್ಕ ಕೀಲಿಯೇ 128 ಬಿಟ್. ಅಂದರೆ ಸಾಧ್ಯವಿರುವ ಕೀಲಿಗಳ ಸಂಖ್ಯೆ 39 ಅಂಕಿಗಳಷ್ಟು ಉದ್ದ. ಒಂದೊಂದೇ ಪ್ರಯತ್ನಿಸಿ ಒಡೆಯುವ ಮಾತೇ ಇಲ್ಲ. ವಾಟ್ಸ್ಆ್ಯಪ್ ಕೂಡ 2016ರಿಂದ ಎಲ್ಲ ಸಂದೇಶಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಹಾಕಿದೆ. ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ದಾರಿಯಲ್ಲಿ ಯಾರೂ ಓದಲಾರರು. ನನ್ನ ಪಟ್ಟಿಯೂ ದಾರಿಯಲ್ಲಿ ಭದ್ರವಾಗಿಯೇ ಹೋಯಿತು. ದಾರಿಯ ಈ ತುದಿಯಲ್ಲಿ ನಾನಿದ್ದೆ, ಆ ತುದಿಯಲ್ಲಿ ಮೂವತ್ತು ಜನರಿದ್ದರು. ಗಣಿತ ಅಲ್ಲಿಗೆ ಬರುವುದಿಲ್ಲ. ದಾದಾ ಅವರ ಬೀಗ ಆಟಿಕೆಯಷ್ಟು ಸಣ್ಣದು, ಆದರೂ ಅಷ್ಟು ವರ್ಷ ನಿಂತಿತು, ಯಾಕೆಂದರೆ ಅವರು ಬಾಯಿ ಬಿಡಲಿಲ್ಲ.

ಈಗ ಅಬ್ಬಾ ಅಂಗಡಿಗೆ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ಅದರಲ್ಲಿ ಗಿರಾಕಿಗಳ ಹೆಸರು ಒಂದು ಫೈಲಿನಲ್ಲಿ, ಬಾಕಿ ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವುದು ಒಂದು ಸಂಖ್ಯೆ. ಹೆಸರಿನ ಫೈಲಿಗೆ ಬೀಗವಿದೆ, ಪಾಸ್‌ವರ್ಡ್ ಅಬ್ಬಾಗೆ ಮಾತ್ರ ಗೊತ್ತು, ನನಗೂ ಗೊತ್ತಿಲ್ಲ. ಮರೆತರೆ ಏನು ಮಾಡುವುದು ಎಂದು ಕೇಳಿದೆ. ಕಾಗದದಲ್ಲಿ ಬರೆದು ದಾದಿಯ ಹತ್ತಿರ ಕೊಟ್ಟಿದ್ದಾರಂತೆ. ದಾದಿಯ ಎಲೆಯಡಿಕೆ ಸಂಚಿಗಿಂತ ಭದ್ರವಾದ ಜಾಗ ನಮ್ಮ ಮನೆಯಲ್ಲಿಲ್ಲ. 'ಗೊತ್ತಿಲ್ಲದ್ದು ಬಂದರೆ ಬಿಟ್ಟು ಮುಂದೆ ಹೋಗು' ಎಂಬ ಸಾಲನ್ನು ತೆಗೆದುಹಾಕಿದ್ದೇನೆ. ಈಗ ಗೊತ್ತಿಲ್ಲದ್ದು ಬಂದರೆ ಪ್ರೋಗ್ರಾಮ್ ನಿಂತು ಕೇಳುತ್ತದೆ. ಅದು ದಿನಕ್ಕೆ ನಾಲ್ಕು ಸಲ ನಿಲ್ಲುತ್ತದೆ ಎಂದು ಅಬ್ಬಾ ದೂರುತ್ತಾರೆ. ನಿಲ್ಲಲಿ.

ಈ ಲೇಖನವನ್ನು ಕೊಡುವ ಮೊದಲು ಅಬ್ಬಾಗೆ ಓದಿ ಹೇಳಿದೆ. ಆ ಗುಟ್ಟಿನ ಮಾತು ಈಗ ಅಂಗಡಿಯಲ್ಲಿ ಬಳಕೆಯಲ್ಲಿಲ್ಲ, ಬರೆಯಬಹುದು ಎಂದರು. ಆಮೇಲೆ ಲೈಬ್ರರಿಯಲ್ಲಿ ಗೆಳತಿಯ ಮುಂದೆ ಇಟ್ಟೆ. ಅವಳು ಬೇಡ ಎಂದರೆ ಹರಿದುಹಾಕುವವಳಿದ್ದೆ. ಅವಳು ಪೆನ್ನು ತೆಗೆದುಕೊಂಡು ಎರಡು ಸಾಲು ಹೊಡೆದುಹಾಕಿದಳು. ಅವು ಇಲ್ಲಿ ಇಲ್ಲ. ಕಾಗದ ವಾಪಸ್ ಕೊಡುವಾಗ, "ಲೆಕ್ಕಶಾಸ್ತ್ರದ ನೋಟ್ಸ್ ಇದ್ದರೆ ಕೊಡು, ನಾನು ಎರಡು ದಿನ ಬಂದಿರಲಿಲ್ಲ" ಎಂದಳು. ಕೊಟ್ಟೆ. ಬೆಂಚು ಇನ್ನೂ ಬೇರೆಯೇ ಇದೆ.

ಮಳೆ ಅಲಾರಂ ಮಾಡಲು ಇಷ್ಟವಿದ್ದವರು ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿ. ಸೋಲ್ಡರಿಂಗ್ ಐರನ್ ನನ್ನ ಹತ್ತಿರ ಇದೆ, ಬ್ಯಾಟರಿ ನೀವು ತನ್ನಿ. ಇಬ್ಬನಿಗೆ ಕೂಗದಂತೆ ಮಾಡುವುದು ಹೇಗೆಂದು ಯಾರಿಗಾದರೂ ಹೊಳೆದರೆ ಅದನ್ನೂ ಹೇಳಿ.